ಶನಿವಾರದ ಆಟ, ಭಾನುವಾರದ ಆಟ

ಬೆಂಗಳೂರಿನಲ್ಲಿ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವವರು ವಾರಕ್ಕೆ ಎರಡು ರಾತ್ರಿ ನಿದ್ದೆಗೆಡುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಶನಿವಾರ ರಾತ್ರಿ ಒಂಬತ್ತೂವರೆಗೆ ಕಾಲೇಜು ಪಂದ್ಯಗಳು ಶುರುವಾಗುತ್ತವೆ. ಭಾನುವಾರ ಹತ್ತೂವರೆಗೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್. ನಮ್ಮಲ್ಲಿ ಹೆಚ್ಚಿನವರು ನೋಡುವುದು ಎರಡನೆಯದನ್ನು, ಅದರಲ್ಲೂ ಫೆಬ್ರವರಿಯ ಒಂದು ಸೋಮವಾರ ಬೆಳಗಿನ ಜಾವ ಐದಕ್ಕೆ ಬರುವ ಸೂಪರ್ ಬೌಲ್ ಫೈನಲ್ ಒಂದನ್ನೇ. ಕಾಲೇಜಿನದೆಂದರೆ ‘ಅದು ಹುಡುಗರಾಟ ಬಿಡಿ’ ಎನ್ನುತ್ತಾರೆ. ಈ ಮಾತನ್ನು ಅಮೆರಿಕದಲ್ಲಿ ಎಂಎಸ್ ಮಾಡಿ ಬಂದವರ ಎದುರು ಆಡಿ ನೋಡಿ. ತೊಳೆದು ತೊಳೆದು ಬಣ್ಣಗೆಟ್ಟರೂ ಅವರು ಬಿಸಾಡದೆ ಇಟ್ಟುಕೊಂಡ ಸ್ವೆಟ್‌ಶರ್ಟಿನ ಮೇಲೆ ಪರ್ಡ್ಯೂ ಎಂದೋ ಒಹಾಯೊ ಸ್ಟೇಟ್ ಎಂದೋ ಟೆಕ್ಸಸ್ ಎ ಅಂಡ್ ಎಂ ಎಂದೋ ಬರೆದಿರುತ್ತದೆ.

ಈ ಎರಡು ಬಣಗಳ ನಡುವೆ ಓಡಾಡುವ ತಪ್ಪು ತಿಳಿವಳಿಕೆಗಳು ಒಂದಷ್ಟಿವೆ. ನಾನು ಶನಿವಾರದ ಕಡೆಯವನು. ಮೊದಲೇ ಹೇಳಿಬಿಟ್ಟಿದ್ದೇನೆ, ತಕ್ಕಡಿ ಎಲ್ಲಾದರೂ ಆ ಕಡೆ ವಾಲಿದರೆ ನೀವೇ ಸರಿಮಾಡಿಕೊಳ್ಳಿ.

‘ಕಾಲೇಜು ಫುಟ್‌ಬಾಲ್ ಅಂದರೆ ಅವರ ರಣಜಿ’

ಕ್ರಿಕೆಟ್ ಕಣ್ಣಿನ ನಮಗೆ ಈ ಹೋಲಿಕೆ ತಾನಾಗಿ ಬರುತ್ತದೆ. ಕ್ಲಬ್ಬು, ರಣಜಿ, ಭಾರತ ತಂಡ ಎಂದು ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ನೂಕುನುಗ್ಗಲು, ಕೆಳಗಿನದಕ್ಕೆ ಖಾಲಿ ಗ್ಯಾಲರಿ. ಆಟಗಾರರ ಮಟ್ಟಿಗೆ ಇದು ನಿಜ. ನೋಡುವವರ ಮಟ್ಟಿಗೆ ಪೂರಾ ಸುಳ್ಳು.

ವಯಸ್ಸಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಹುಡುಗರು ಮೊದಲ ಪಂದ್ಯ ಆಡಿದ್ದು 1869ರ ನವೆಂಬರ್ 6ರಂದು. 6–4ರಿಂದ ರಟ್ಗರ್ಸ್ ಗೆದ್ದಿತು. ಅಂದಿನ ಆಟ ನಾವು ಕಾಲ್ಚೆಂಡು ಎನ್ನುವುದಕ್ಕೇ ಹತ್ತಿರ. ಎರಡು ತಂಡಗಳು ಗೆರೆಯ ಆಚೀಚೆ ಎದುರುಬದುರು ನಿಲ್ಲುವುದು, ಇಷ್ಟು ಸರದಿಯಲ್ಲಿ ಇಷ್ಟು ಗಜ ಮುಂದೆ ಸಾಗಲೇಬೇಕು ಎನ್ನುವುದು, ಇವೆಲ್ಲ 1880ರ ಆಚೆಗೆ ಯೇಲ್‌ನ ವಾಲ್ಟರ್ ಕ್ಯಾಂಪ್ ತಂದ ಕಟ್ಟಳೆಗಳು. 1905ರಲ್ಲಿ ಅಂಗಳದಲ್ಲೇ ಹುಡುಗರು ಸಾಯತೊಡಗಿದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನಕ್ಕೆ ಕರೆಸಿದ್ದು ಕಾಲೇಜಿನವರನ್ನು. ಮರುವರ್ಷ, ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂದು ನಿಯಮ ಬದಲಿಸಿದ್ದೂ ಅವರೇ. ವೃತ್ತಿಪರ ಲೀಗ್ ಹುಟ್ಟಿದ್ದು 1920ರಲ್ಲಿ, ಒಹಾಯೊದ ಕ್ಯಾಂಟನ್ ಊರಿನ ಒಂದು ಕಾರು ಷೋರೂಮಿನಲ್ಲಿ. ಮಗ ಹುಟ್ಟುವಾಗ ಅಪ್ಪನಿಗೆ ಐವತ್ತು ದಾಟಿತ್ತು.

ಇನ್ನು ಜನ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಅದಿರುವ ಆನ್ ಆರ್ಬರ್ ಊರಿನ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 1.24 ಲಕ್ಷ. ಪೆನ್ ಸ್ಟೇಟ್ ಇರುವ ಊರಿನಲ್ಲಿ 40 ಸಾವಿರ ಜನ, ಅದರ ಕ್ರೀಡಾಂಗಣ ಲಕ್ಷ ದಾಟಿದ್ದು! ಹೀಗೆ ಲಕ್ಷ ಮೀರಿದ ಕಾಲೇಜು ಅಂಗಳಗಳು ಏಳೆಂಟಿವೆ. ಎನ್‌ಎಫ್‌ಎಲ್‌ನಲ್ಲಿ ಆಸನ ಎಣಿಸಿದರೆ ಎಲ್ಲಕ್ಕಿಂತ ದೊಡ್ಡದು ನ್ಯೂಯಾರ್ಕಿನ ಎರಡು ತಂಡಗಳು ಹಂಚಿಕೊಂಡಿರುವ ಮೆಟ್‌ಲೈಫ್, 82,500. ನೆಬ್ರಾಸ್ಕ ರಾಜ್ಯಕ್ಕೆ ಎನ್‌ಎಫ್‌ಎಲ್ ತಂಡವೇ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯದ ತವರು ಪಂದ್ಯಗಳ ಟಿಕೆಟ್ ಮಾತ್ರ 1962ರಿಂದ ಒಂದೂ ಉಳಿದದ್ದಿಲ್ಲ ಎಂಬುದು ಅವರ ಹೆಮ್ಮೆ. ಅಲಬಾಮದಲ್ಲೂ ಎನ್‌ಎಫ್‌ಎಲ್ ತಂಡವಿಲ್ಲ, ಅದರ ಕೊರಗೂ ಇಲ್ಲ. ಅಲ್ಲಿನ ಎರಡು ದೊಡ್ಡ ವಿಶ್ವವಿದ್ಯಾಲಯ ತಂಡಗಳನ್ನು ಮುಂದಿಟ್ಟು ಕೇಳುವುದು ಒಂದೇ ಪ್ರಶ್ನೆ: ನೀವು ಅಲಬಾಮವೋ, ಆಬರ್ನೋ?

‘ಅಂಗಳ ಒಂದೇ, ಚೆಂಡು ಒಂದೇ, ಆಟವೂ ಒಂದೇ’

ಯಕ್ಷಗಾನ ನೋಡುವವರಿಗೆ ತೆಂಕು–ಬಡಗಿನ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಪ್ರಸಂಗ ಅದೇ, ಕುಣಿತ ಬೇರೆ. ಇಲ್ಲೂ ಹಾಗೆಯೇ. ನೂರು ಗಜದ ಅಂಗಳ, ಹನ್ನೊಂದು ಜನ, ಟಚ್‌ಡೌನಿಗೆ ಆರು ಅಂಕ, ಎಲ್ಲವೂ ಅದೇ. ಆದರೆ ಭಾನುವಾರದ ಕಣ್ಣಿಟ್ಟುಕೊಂಡು ಶನಿವಾರದ ಪಂದ್ಯ ನೋಡಿದರೆ ಹತ್ತು ನಿಮಿಷದಲ್ಲೇ ಎಡವುತ್ತೀರಿ.

ಒಬ್ಬ ರಿಸೀವರ್ ಚೆಂಡು ಹಿಡಿದು, ಯಾರೂ ಮುಟ್ಟದೆ ತಾನಾಗಿ ಜಾರಿ ಬಿದ್ದ ಎನ್ನಿ. ಎನ್‌ಎಫ್‌ಎಲ್‌ನಲ್ಲಿ ಅವನು ಎದ್ದು ಓಡಬಹುದು. ಎದುರಾಳಿ ಬಂದು ಮುಟ್ಟುವ ತನಕ ಅವನ ಓಟ ಮುಗಿದಿಲ್ಲ. ಕಾಲೇಜಿನಲ್ಲಿ ಮೊಣಕಾಲು ನೆಲ ಕಂಡಿತೋ, ಅಲ್ಲಿಗೆ ಮುಗಿಯಿತು. ಗೆರೆಯಂಚಿನಲ್ಲಿ ಚೆಂಡು ಹಿಡಿದವನಿಗೆ ಕಾಲೇಜಿನಲ್ಲಿ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಚೆಂಡು ಹಿಡಿಯಲು ಹೊರಟವನನ್ನು ಕಾಯುವವನು ಎಳೆದು ತಡೆದರೆ ಎನ್‌ಎಫ್‌ಎಲ್‌ನಲ್ಲಿ ಚೆಂಡನ್ನು ತಪ್ಪು ನಡೆದ ಜಾಗಕ್ಕೇ ಒಯ್ದಿಡುತ್ತಾರೆ, ಅದು ನಲವತ್ತು ಗಜ ದೂರವಾದರೂ ಸರಿ. ಕಾಲೇಜಿನಲ್ಲಿ ಹದಿನೈದು ಗಜ ಮೀರುವುದಿಲ್ಲ. ಹಾಗಾಗಿ ಮೋಸಹೋದೆನೆಂದು ಗೊತ್ತಾದ ಕಾಲೇಜು ಹುಡುಗ ಎದುರಾಳಿಯ ತೋಳು ಹಿಡಿದು ನಿಲ್ಲಿಸಿಬಿಡುತ್ತಾನೆ. ಟಚ್‌ಡೌನ್ ಬಿಟ್ಟುಕೊಡುವುದಕ್ಕಿಂತ ಅದು ಅಗ್ಗ.

ಯಾರ ಕಣ್ಣಿಗೂ ಸುಲಭಕ್ಕೆ ಬೀಳದ, ಆದರೆ ಆಟದ ಬಣ್ಣವನ್ನೇ ಬದಲಿಸುವ ಸಂಗತಿ ಇನ್ನೊಂದಿದೆ. ಅಂಗಳದ ಉದ್ದಕ್ಕೂ ನಡುವೆ ಎರಡು ಸಾಲು ಚಿಕ್ಕ ಗೆರೆಗಳಿರುತ್ತವೆ. ಪ್ರತಿ ಸರದಿಯಲ್ಲೂ ಚೆಂಡನ್ನು ಇಡುವುದು ಈ ಎರಡು ಸಾಲಿನ ನಡುವೆ, ಇಲ್ಲವೇ ಅವುಗಳ ಮೇಲೆ. ಎನ್‌ಎಫ್‌ಎಲ್‌ನಲ್ಲಿ ಆ ಸಾಲುಗಳ ಅಂತರ ಹದಿನೆಂಟೂವರೆ ಅಡಿ, ಗೋಲ್ ಕಂಬಗಳ ನಡುವಿನಷ್ಟೇ. ಕಾಲೇಜಿನಲ್ಲಿ 40 ಅಡಿ. ಎಂದರೆ ಭಾನುವಾರ ಪ್ರತಿ ಸರದಿಯೂ ಹೆಚ್ಚುಕಡಿಮೆ ಅಂಗಳದ ನಟ್ಟನಡುವಿನಿಂದಲೇ ಶುರು. ಎಡಬಲ ಎರಡೂ ಸಮ. ಶನಿವಾರ ಚೆಂಡು ಒಂದು ಮಗ್ಗುಲಲ್ಲಿ ಕೂತರೆ ಒಂದು ಕಡೆ ಇಕ್ಕಟ್ಟು, ಇನ್ನೊಂದು ಕಡೆ ಬಟಾಬಯಲು. ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಆ ಬಯಲಿನತ್ತ ಓಡುವ ಆಟಗಳು ಕಾಲೇಜಿನಲ್ಲಿ ಬೇರೂರಿದ್ದಕ್ಕೆ ಈ ಇಪ್ಪತ್ತೊಂದೂವರೆ ಅಡಿ ವ್ಯತ್ಯಾಸವೂ ಒಂದು ಕಾರಣ. ಬರೀ ವೇಗದ ಹುಡುಗರಿದ್ದಾರೆ ಎಂಬುದಷ್ಟೇ ಅಲ್ಲ.

ಸಮವಾದರೆ? ಎನ್‌ಎಫ್‌ಎಲ್‌ನ ಸಾಮಾನ್ಯ ಪಂದ್ಯದಲ್ಲಿ ಹತ್ತು ನಿಮಿಷ ಹೆಚ್ಚುವರಿ, ಆಮೇಲೂ ಸಮವಾದರೆ ಕೈಕುಲುಕಿ ಮನೆಗೆ. 2025ರ ಸೆಪ್ಟೆಂಬರಿನಲ್ಲಿ ಗ್ರೀನ್ ಬೇ ಮತ್ತು ಡಲ್ಲಾಸ್ 40–40ಕ್ಕೆ ಹೀಗೇ ನಿಂತವು. ಕಾಲೇಜಿನಲ್ಲಿ 1996ರಿಂದ ಸಮ ಎಂಬ ಫಲಿತಾಂಶವೇ ಇಲ್ಲ. ಎದುರಾಳಿಯ 25 ಗಜದ ಗೆರೆಯಿಂದ ಇಬ್ಬರಿಗೂ ಒಂದೊಂದು ಅವಕಾಶ, ತೀರ್ಮಾನವಾಗದಿದ್ದರೆ ಮತ್ತೊಂದು. ಮೂರನೆಯ ಸುತ್ತಿನಿಂದಾಚೆಗೆ ಟಚ್‌ಡೌನ್ ಗಳಿಸುವ ಎಂಡ್ ಜೋನಿನ ಬಾಗಿಲಲ್ಲೇ ಎರಡಂಕದ ಪ್ರಯತ್ನ, ಯಾರಾದರೊಬ್ಬರು ತಪ್ಪುವ ತನಕ. 2021ರಲ್ಲಿ ಇಲಿನಾಯ್ ತಂಡ ಪೆನ್ ಸ್ಟೇಟನ್ನು ಸೋಲಿಸಲು ಒಂಬತ್ತು ಸುತ್ತು ಹಿಡಿಯಿತು. ಅಷ್ಟೆಲ್ಲ ಆಗಿಯೂ ಅಂಕ 20–18. ನೋಡುತ್ತಿದ್ದವರಿಗೆ ಕೊನೆಕೊನೆಗೆ ನಗು ಬರುವಂತಿತ್ತು.

‘ಕಾಲೇಜಿನ ಮೊದಲನೇ ತಂಡ ಎನ್‌ಎಫ್‌ಎಲ್‌ನ ಕೊನೇ ತಂಡವನ್ನು ಮಣಿಸುತ್ತದೆ’

ನಮ್ಮ ಶನಿವಾರದವರ ಜಂಬದ ಮಾತು ಇದು. ನಾನೇ ಮುಂದೆ ನಿಂತು ಅಲ್ಲಗಳೆಯಬೇಕು.

ಇದನ್ನು ಒರೆಗೆ ಹಚ್ಚಿಯೇ ನೋಡಿದ್ದರು. 1934ರಿಂದ 1976ರ ತನಕ ಷಿಕಾಗೋದಲ್ಲಿ ಹಿಂದಿನ ವರ್ಷದ ಎನ್‌ಎಫ್‌ಎಲ್ ಚಾಂಪಿಯನ್ನರಿಗೂ, ಕಾಲೇಜು ಮುಗಿಸಿದ ದೇಶದ ಅತ್ಯುತ್ತಮ ಆಟಗಾರರಿಗೂ ಪಂದ್ಯ ನಡೆಯುತ್ತಿತ್ತು. ಒಂದು ಕಾಲೇಜಿನವರಲ್ಲ, ಎಲ್ಲ ಕಾಲೇಜುಗಳಿಂದ ಆರಿಸಿದ ಹುಡುಗರು. ಮೊದಲ ವರ್ಷ 0–0. ಒಟ್ಟು 42 ಪಂದ್ಯಗಳಲ್ಲಿ ಕಾಲೇಜಿನವರು ಗೆದ್ದದ್ದು 9, ಸಮ 2. ಕೊನೆಯ ಗೆಲುವು 1963ರಲ್ಲಿ, ಕೋಚ್ ವಿನ್ಸ್ ಲೊಂಬಾರ್ಡಿಯ ಗ್ರೀನ್ ಬೇ ಪ್ಯಾಕರ್ಸ್ ಮೇಲೆ, 20–17. ಆಮೇಲೆ ಒಂದೂ ಇಲ್ಲ. 1976ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 24–0 ಮುಂದಿದ್ದಾಗ ಧೋ ಎಂದು ಮಳೆ ಸುರಿಯಿತು, ಜನ ಅಂಗಳಕ್ಕೆ ನುಗ್ಗಿ ಗೋಲ್ ಕಂಬ ಕಿತ್ತರು. ನಿಂತ ಪಂದ್ಯ ಮತ್ತೆಂದೂ ನಡೆಯಲಿಲ್ಲ.

ಕಾರಣ ಸರಳ. ಕಾಲೇಜು ಮುಗಿಸುವವರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಏಳು ಸುತ್ತು, 32 ತಂಡಗಳಿಗೆ ವರ್ಷಕ್ಕೆ ಸಿಗುವುದು 260ರ ಆಸುಪಾಸು ಹುಡುಗರು. ಕಾಲೇಜಿನ ಮೇಲಿನ ದರ್ಜೆಯೊಂದರಲ್ಲೇ 130ಕ್ಕೂ ಹೆಚ್ಚು ತಂಡಗಳಿವೆ. 2022ರಲ್ಲಿ ಜಾರ್ಜಿಯಾ ತಂಡದಿಂದ ಒಂದೇ ಆಯ್ಕೆಯಲ್ಲಿ 15 ಮಂದಿ ಆರಿಸಲ್ಪಟ್ಟದ್ದು ಏಳು ಸುತ್ತಿನ ಕಾಲದ ದಾಖಲೆ. ಎನ್‌ಎಫ್‌ಎಲ್‌ನ ಅತಿ ಕಳಪೆ ತಂಡದಲ್ಲೂ 53ಕ್ಕೆ 53 ಮಂದಿಯೂ ಒಂದಲ್ಲ ಒಂದು ಜರಡಿ ದಾಟಿ ಬಂದವರು. ಇಪ್ಪತ್ತರ ಹುಡುಗನ ಎದುರು ಇಪ್ಪತ್ತೇಳರ ಗಂಡಸು ನಿಂತರೆ ಏನಾಗುತ್ತದೆ ಎಂಬುದು ಬೇರೆ ಮಾತು.

‘ಕಾಲೇಜಿನಲ್ಲಿ ಮಿಂಚಿದವನು ಅಲ್ಲೂ ಮಿಂಚುತ್ತಾನೆ’

ಎನ್‌ಎಫ್‌ಎಲ್ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟವನು, 1936ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಕಾಲೇಜು ಆಟಗಾರರಲ್ಲಿ ಅತ್ಯುತ್ತಮನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮೊದಲ ವಿಜೇತನೂ ಅವನೇ. ಅವನು ಎನ್‌ಎಫ್‌ಎಲ್‌ನಲ್ಲಿ ಒಂದು ದಿನವೂ ಆಡಲಿಲ್ಲ. ಸಂಬಳ ಹೊಂದಲಿಲ್ಲ, ಫೋಮ್ ರಬ್ಬರ್ ಮಾರಾಟಕ್ಕೆ ಹೋದ. ಅತ್ತ, ಮುಂದೆ ದಿಗ್ಗಜನೆನಿಸಿದ ಟಾಮ್ ಬ್ರೇಡಿಯನ್ನು 2000ದಲ್ಲಿ 198 ಹುಡುಗರಾದ ಮೇಲೆ ಆರಿಸಿದರು. ಬ್ರಾಕ್ ಪರ್ಡಿ 2022ರ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು, 262ನೆಯದು. ಎರಡನೆಯ ವರ್ಷವೇ ಸೂಪರ್ ಬೌಲ್ ಆಡಿದ. ಆಟ ಬೇರೆ ಎಂದ ಮೇಲೆ ಇದರಲ್ಲಿ ಅಚ್ಚರಿಯೇನು?

‘ಶನಿವಾರ ಕಾಲೇಜು, ಭಾನುವಾರ ಎನ್‌ಎಫ್‌ಎಲ್, ಅದೊಂದು ಸಂಪ್ರದಾಯ’

ಸಂಪ್ರದಾಯ ಹೌದು, ಆದರೆ ಅದರ ಹಿಂದೆ ಕಾನೂನಿದೆ. 1961ರ ಪ್ರಸಾರ ಕಾಯ್ದೆ ಎನ್‌ಎಫ್‌ಎಲ್‌ಗೆ ಎಲ್ಲ ತಂಡಗಳ ಟಿವಿ ಹಕ್ಕನ್ನು ಒಟ್ಟಿಗೆ ಮಾರಲು ಬಿಟ್ಟಿತು. ಬದಲಿಗೆ, ಸೆಪ್ಟೆಂಬರಿನಿಂದ ಡಿಸೆಂಬರ್ ನಡುವಿನ ತನಕ ಶುಕ್ರವಾರ ರಾತ್ರಿ, ಶನಿವಾರಗಳಲ್ಲಿ ಕಾಲೇಜು, ಹೈಸ್ಕೂಲು ಪಂದ್ಯಗಳ ಹೊಟ್ಟೆಯ ಮೇಲೆ ಹೊಡೆಯದಂತೆ ಬೇಲಿ ಹಾಕಿತು. ಡಿಸೆಂಬರ್ ಮಧ್ಯ ಕಳೆದದ್ದೇ ತಡ, ಎನ್‌ಎಫ್‌ಎಲ್ ಶನಿವಾರಕ್ಕೂ ಕಾಲಿಡುವುದನ್ನು ನೋಡಬಹುದು.

‘ಕಾಲೇಜು ಹುಡುಗರು ದುಡ್ಡಿಗಲ್ಲ, ಪ್ರೀತಿಗೆ ಆಡುತ್ತಾರೆ’

ಇದು ನಿನ್ನೆ ಮೊನ್ನೆಯವರೆಗೆ ನಿಯಮದ ಪುಸ್ತಕದಲ್ಲಿ ನಿಜವಾಗಿತ್ತು, ಅಷ್ಟೆ. ಹುಡುಗರಿಗೆ ಫೀಸು, ಊಟ, ವಸತಿ. ಅವರ ಕೋಚ್‌ಗೆ ಕೋಟಿಗಟ್ಟಲೆ. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಈ ವ್ಯವಸ್ಥೆಗೆ ‘ಹವ್ಯಾಸಿ’ ಎಂದು ಹೆಸರಿಟ್ಟದ್ದನ್ನು ನೆನೆದರೆ ಅಭಿಮಾನಿಯಾದ ನನಗೂ ನಾಚಿಕೆ. ಹೈಸ್ಕೂಲು ಮುಗಿದು ಮೂರು ವರ್ಷ ಆಗುವ ತನಕ ಎನ್‌ಎಫ್‌ಎಲ್ ಯಾರನ್ನೂ ಸೇರಿಸುವುದಿಲ್ಲ. ಹಾಗಾಗಿ ಹುಡುಗರಿಗೆ ಬೇರೆ ದಾರಿಯೂ ಇರಲಿಲ್ಲ.

2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ, ಕಾಲೇಜು ಕ್ರೀಡಾ ಸಂಘದ ವಿರುದ್ಧ ತೀರ್ಪು ಕೊಟ್ಟಿತು. ಹತ್ತೇ ದಿನಕ್ಕೆ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತಿಗೆ ಹಣ ಪಡೆಯಬಹುದೆಂದಾಯಿತು. 2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದ ಮೇಲೆ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡತೊಡಗಿವೆ. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳಿಗೂ ಸೇರಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಜೊತೆಗೆ ಹುಡುಗರು ಕಾಲೇಜಿನಿಂದ ಕಾಲೇಜಿಗೆ ಹಾರುವುದೂ ಸಲೀಸಾಗಿದೆ. ವಿಚಿತ್ರ ನೋಡಿ: ಎನ್‌ಎಫ್‌ಎಲ್‌ನಲ್ಲಿ ಒಪ್ಪಂದವಿದೆ, ಆಟಗಾರರ ಸಂಘವಿದೆ, ಎಲ್ಲ ತಂಡಕ್ಕೂ ಒಂದೇ ಸಂಬಳದ ಮಿತಿಯಿದೆ. ಸಂತೆ ನೆರೆದಿರುವುದು ಕಾಲೇಜಿನಲ್ಲಿ.

‘ಚಾಂಪಿಯನ್ ಯಾರೆಂದು ಅಂಗಳವೇ ತೀರ್ಮಾನಿಸುತ್ತದೆ’

ಎನ್‌ಎಫ್‌ಎಲ್‌ನಲ್ಲಿ ಸರಿ. ಗೆಲುವು ಸೋಲು ಎಣಿಸಿ 14 ತಂಡ, ಆಮೇಲೆ ನಾಕೌಟ್. ಕಾಲೇಜಿನಲ್ಲಿ ದಶಕಗಳ ಕಾಲ ಚಾಂಪಿಯನ್‌ನನ್ನು ಆರಿಸಿದ್ದು ಮತದಾನ: 1936ರಿಂದ ಪತ್ರಕರ್ತರದು, ಮುಂದೆ ಕೋಚ್‌ಗಳದೂ. 1997ರಲ್ಲಿ ಪತ್ರಕರ್ತರು ಮಿಶಿಗನ್ ಎಂದರು, ಕೋಚ್‌ಗಳು ನೆಬ್ರಾಸ್ಕ ಎಂದರು, ಇಬ್ಬರೂ ಚಾಂಪಿಯನ್ನರಾದರು. 2014ರಲ್ಲಿ ನಾಲ್ಕು ತಂಡಗಳ, 2024ರಲ್ಲಿ ಹನ್ನೆರಡು ತಂಡಗಳ ನಾಕೌಟ್ ಬಂತಾದರೂ ಒಳಗೆ ಯಾರನ್ನು ಬಿಡಬೇಕೆಂಬುದರಲ್ಲಿ ಒಂದು ಸಮಿತಿಯ ಮಾತೇ ನಡೆಯುತ್ತದೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು. ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಪೆಟ್ಟಾಗಿದೆ, ಇನ್ನು ಆ ತಂಡ ಅಷ್ಟು ಗಟ್ಟಿಯಲ್ಲ ಎಂದು ಹೊರಗಿಟ್ಟರು. 2017ರಲ್ಲಿ ಅಜೇಯವಾಗಿ ಉಳಿದೂ ಕಡೆಗಣಿಸಲ್ಪಟ್ಟ ಸೆಂಟ್ರಲ್ ಫ್ಲೋರಿಡಾದವರು ಸಮಿತಿಯ ಗೊಡವೆಯೇ ಬೇಡವೆಂದು ತಾವೇ ಚಾಂಪಿಯನ್ ಎಂದು ಸಾರಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಮಾಡಿದರು. ನನಗಂತೂ ಅದು ಇಷ್ಟವಾಯಿತು.

‘ಭಕ್ತಿ ಕಾಲೇಜಿನದು, ಎನ್‌ಎಫ್‌ಎಲ್ ಬರೀ ವ್ಯಾಪಾರ’

ಇದೂ ನಮ್ಮವರದೇ ಮಾತು, ಅರ್ಧ ಸತ್ಯ. ವಿಶ್ವವಿದ್ಯಾಲಯ ಊರು ಬಿಟ್ಟು ಹೋಗುವುದಿಲ್ಲ, ಎನ್‌ಎಫ್‌ಎಲ್ ತಂಡ ಹೋಗುತ್ತದೆ. 1984ರ ಮಾರ್ಚ್ ಕೊನೆಯಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಒಡೆಯ ರಾತ್ರೋರಾತ್ರಿ, ಬೀಳುವ ಹಿಮದಲ್ಲಿ, ಲಾರಿಗಳಿಗೆ ಗಂಟುಮೂಟೆ ಹೇರಿಸಿ ಇಂಡಿಯಾನಪೊಲಿಸ್‌ಗೆ ಹೊರಟುಬಿಟ್ಟ. ಬೆಳಗಾಗುವಾಗ ಊರಿಗೆ ತಂಡವೇ ಇರಲಿಲ್ಲ.

ಆ ತಂಡಕ್ಕೆ ಒಂದು ಬ್ಯಾಂಡ್ ಇತ್ತು. ಕಹಳೆ, ಡೋಲು ಹಿಡಿದು ಕವಾಯತು ಮಾಡುವ ಬ್ಯಾಂಡ್ ಕಾಲೇಜು ಪಂದ್ಯಗಳ ಪ್ರಾಣ. ಎನ್‌ಎಫ್‌ಎಲ್‌ನಲ್ಲಿ ಬೆರಳೆಣಿಕೆಯ ತಂಡಗಳಿಗಷ್ಟೇ. ಲಾರಿಗಳು ಬಂದ ರಾತ್ರಿ ಬ್ಯಾಂಡಿನವರ ಸಮವಸ್ತ್ರಗಳು ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿದ್ದವು, ಹಾಗಾಗಿ ಉಳಿದುಕೊಂಡವು. ತಂಡದವರು ಕೇಳಿ ಬಂದಾರೆಂದು ಅವನ್ನು ಒಂದು ಸ್ಮಶಾನದ ಸಮಾಧಿ ಮನೆಯಲ್ಲಿ ಬಚ್ಚಿಟ್ಟರು. ಆಮೇಲೆ ಹನ್ನೆರಡು ವರ್ಷ, 1996ರಲ್ಲಿ ರೇವನ್ಸ್ ತಂಡ ಬಾಲ್ಟಿಮೋರಿಗೆ ಬರುವ ತನಕ, ಎನ್‌ಎಫ್‌ಎಲ್ ತಂಡವೇ ಇಲ್ಲದ ಊರಿನಲ್ಲಿ ಆ ಬ್ಯಾಂಡ್ ಮೆರವಣಿಗೆಗಳಿಗೆ, ಬೇರೆಯವರ ಪಂದ್ಯಗಳ ವಿರಾಮಕ್ಕೆ ಹೋಗಿ ಬಾರಿಸುತ್ತಲೇ ಇತ್ತು.