ಕೊಯ್ದ ಬೆರಳು, ಬೆಳಗುವ ಸಾಕ್ಷಿ

ಈರುಳ್ಳಿ ಹೆಚ್ಚುವಾಗ ಒಮ್ಮೆಯಾದರೂ ಬೆರಳು ಕೊಯ್ದುಕೊಳ್ಳದ ಹೋಟೆಲ್ ಕಾರ್ಮಿಕನಿರಲಾರನು. ಅರಿಸಿನ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕೆ ನಿಲ್ಲುವುದು ನಮ್ಮವರ ರೂಢಿ. ಆ ಬೆರಳು ಕೀವುಗಟ್ಟಿತೆಂದರೆ ಬಹುಮಟ್ಟಿಗೆ ಅದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಸೂಕ್ಷ್ಮಜೀವಿಯ ಕೃತ್ಯ. ಸುಮಾರು ಮೂವರಲ್ಲೊಬ್ಬರ ಮೂಗಿನಲ್ಲಿ ಇದು ಸದ್ದಿಲ್ಲದೆ ವಾಸಿಸುತ್ತದೆ. ಪೆನ್ಸಿಲಿನ್ನಿಗೆ ಮಣಿಯದ ತಳಿಗಳು ಮೊದಲು ತಲೆದೋರಿದವು; 1961ರಲ್ಲಿ ಮೆಥಿಸಿಲಿನ್ನಿಗೂ ಬಗ್ಗದ ತಳಿಗಳು ವರದಿಯಾದವು.

ಈ ಜೀವಿಯು ನಮ್ಮ ಶರೀರಕ್ಕೆ ಅಂಟಿಕೊಳ್ಳಲು ತನ್ನ ಕೋಶದ ಗೋಡೆಯ ಮೇಲೆ ಪ್ರೋಟೀನುಗಳನ್ನು ಕೊಕ್ಕೆಗಳಂತೆ ನೆಟ್ಟುಕೊಳ್ಳುತ್ತದೆ. ನೆಡುವ ಕೆಲಸಗಾರನೇ ಸಾರ್ಟೇಸ್ ಎಂಬ ಕಿಣ್ವ. ಇದನ್ನು 1999ರಲ್ಲಿ ಅಮೆರಿಕದ ಓಲಾಫ್ ಶ್ನೀವಿಂಡ್ ಮತ್ತು ಅವರ ಸಂಗಡಿಗರು ಲೋಕಕ್ಕೆ ತಿಳಿಸಿದರು. ಪ್ರೋಟೀನಿನಲ್ಲಿರುವ ಒಂದು ಗುರುತನ್ನರಿತು, ಅಲ್ಲಿ ಕತ್ತರಿಸಿ, ಆ ತುದಿಯನ್ನು ಗೋಡೆಗೆ ಬೆಸೆಯುವುದು ಇದರ ಕಾಯಕ. ಈ ಕಿಣ್ವವಿಲ್ಲದ ಜೀವಿಯು ಬದುಕುವುದಾದರೂ, ಇಲಿಗಳಲ್ಲಿ ರೋಗವನ್ನುಂಟುಮಾಡುವ ಅದರ ಬಲವು ಕುಂದುತ್ತದೆ.

ಕಣ್ಣಿಗೆ ಕಾಣದ ಈ ಕತ್ತರಿಯನ್ನು ಪರೀಕ್ಷಿಸುವುದೆಂತು? ವಿಜ್ಞಾನಿಗಳು ಅದೇ ಗುರುತುಳ್ಳ ಪ್ರೋಟೀನಿನ ಚಿಕ್ಕ ತುಣುಕೊಂದನ್ನು ಸಿದ್ಧಪಡಿಸುತ್ತಾರೆ. ಅದರ ಒಂದು ತುದಿಗೆ ಹೊಳೆಯುವ ಅಣು, ಇನ್ನೊಂದಕ್ಕೆ ಆ ಹೊಳಪನ್ನು ನುಂಗುವ ಅಣು. ಎರಡೂ ಸಮೀಪವಿರುವವರೆಗೆ ಕತ್ತಲೆ. ಕಿಣ್ವವು ತುಣುಕನ್ನು ಕತ್ತರಿಸಿದೊಡನೆ ಅವು ಅಗಲುತ್ತವೆ, ಬೆಳಕು ಮೂಡುತ್ತದೆ. ಬೆಳಕು ಏರುವ ವೇಗವೇ ಕಿಣ್ವದ ವೇಗ. ಯಾವುದಾದರೊಂದು ವಸ್ತುವನ್ನು ಬೆರೆಸಿದಾಗ ಬೆಳಕು ಏರದಿದ್ದರೆ, ಆ ವಸ್ತುವು ಕಿಣ್ವವನ್ನು ಕಟ್ಟಿಹಾಕಿರಬಹುದು. 96 ಗುಳಿಗಳ ಒಂದೇ ತಟ್ಟೆಯಲ್ಲಿ ಹಲವು ವಸ್ತುಗಳನ್ನು ಹೀಗೆ ಒರೆಗೆ ಹಚ್ಚಬಹುದು. ಆದರೆ ಕೆಲವು ವಸ್ತುಗಳು ತಾವೇ ಬೆಳಕನ್ನು ನುಂಗಿ ಮೋಸಗೊಳಿಸುವುದುಂಟು. ಆದುದರಿಂದ ಬೇರೊಂದು ವಿಧಾನದಿಂದ ಮರುಪರೀಕ್ಷೆ ಅಗತ್ಯ.

ಪ್ರಯೋಗಶಾಲೆಯ ಬೆಳಕು ಅಡುಗೆಮನೆಗೆ ಔಷಧಿಯಾಗಿ ಬರುವವರೆಗೆ ಕಾಯಲಾಗದು. ಕೀವಿನ ಕೈ ತಾಗಿದ ಅನ್ನವು ಬೆಚ್ಚಗೆ ಉಳಿದರೆ ಈ ಜೀವಿಯು ಅದರಲ್ಲಿ ವಿಷವನ್ನು ಸ್ರವಿಸಬಲ್ಲದು. ಆ ವಿಷವು ಮರಳಿ ಕುದಿಸಿದರೂ ನಾಶವಾಗದು. ನಾವು ಹೋಟೆಲು ನಡೆಸುತ್ತಿದ್ದಾಗ ಹುಡುಗನೊಬ್ಬನು ಬಾತ ಬೆರಳನ್ನು ಎರಡು ದಿನ ನಮ್ಮಿಂದ ಮರೆಮಾಡಿದ್ದನು. ಕಾರಣ ಕೇಳಿದಾಗ, ಸಂಬಳ ಮುರಿಯುವಿರೆಂಬ ಭಯ ಎಂದನು. ತಪ್ಪು ಅವನದಾಗಿರಲಿಲ್ಲ, ನಮ್ಮದು. ಗಾಯಗೊಂಡವನಿಗೆ ಸಂಬಳ ಸಹಿತ ಗಲ್ಲಾದ ಬಳಿ ಕೆಲಸ ಕೊಡುವ ಮಾಲಿಕನು ಗಿರಾಕಿಯನ್ನೂ ರಕ್ಷಿಸುತ್ತಾನೆ. ಕಾರ್ಮಿಕ ಬಂಧುಗಳೇ, ಗಾಯವನ್ನು ಮುಚ್ಚಿರಿ, ಆದರೆ ಮುಚ್ಚಿಡಬೇಡಿರಿ.