ಕಾಳಿಯ ಬಿಳಿನೊರೆಯಲ್ಲಿ ತೆಪ್ಪದ ಪಯಣ

ಶನಿವಾರ, ಭಾನುವಾರಗಳ ಬಿಡುವು ದೊರೆತೊಡನೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಯುವಕರು ಗೆಳೆಯರೊಡಗೂಡಿ ದಾಂಡೇಲಿಯ ಕಡೆಗೆ ಹೊರಡುವುದು ವಾಡಿಕೆಯಾಗಿದೆ. ಗಣೇಶಗುಡಿಯ ಬಳಿ ಕಾಳಿ ನದಿಯ ರಭಸದಲ್ಲಿ ರಬ್ಬರ್ ತೆಪ್ಪವೇರಿ ಸಾಗುವ ರ‍್ಯಾಫ್ಟಿಂಗ್ ಅವರನ್ನು ಸೆಳೆಯುತ್ತದೆ. ಮಕ್ಕಳನ್ನು ಇದಕ್ಕೆ ಕಳುಹಿಸಬಹುದೇ, ಕಳುಹಿಸಿದರೆ ಅಂಗದ ಮೇಲಿನ ಲಿಂಗವನ್ನು ಕಾಯ್ದುಕೊಳ್ಳುವ ಬಗೆ ಹೇಗೆ ಎಂದು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಇದು ನಕ್ಕು ತಳ್ಳಿಬಿಡುವ ಪ್ರಶ್ನೆಯಲ್ಲ. ಇದರಲ್ಲಿ ಪ್ರಾಣದ ಮಾತೂ ಇದೆ, ನಿಷ್ಠೆಯ ಮಾತೂ ಇದೆ.

ಕಾಳಿಯ ಸೀಮೆ ಶರಣ ಸಮಾಜಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣವು ತಲ್ಲಣಿಸಿದಾಗ, ವಚನರಾಶಿಯನ್ನು ಕಾಯ್ದುಕೊಂಡು ಚನ್ನಬಸವಣ್ಣನವರೊಡನೆ ಶರಣರು ಈ ದಟ್ಟಡವಿಯನ್ನು ಹೊಕ್ಕು ಉಳವಿಗೆ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಇಂದಿಗೂ ಭಾರತ ಹುಣ್ಣಿಮೆಯ ಜಾತ್ರೆಗೆ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಉಳವಿಯೂ ಗಣೇಶಗುಡಿಯೂ ಒಂದೇ ಜೋಯಿಡಾ ತಾಲ್ಲೂಕಿನಲ್ಲಿವೆ. ಅಂದಿನ ಶರಣರಿಗೆ ಹೊಳೆ ದಾಟುವುದು ವಿನೋದವಾಗಿರಲಿಲ್ಲವೆಂಬುದನ್ನು ಇಂದಿನ ತರುಣರು ನೆನೆಯಬೇಕು.

ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲನ್ನು ಸೇರುವ ಈ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಇದೆ. 1987ರಲ್ಲಿ ಅದು ಪೂರ್ಣಗೊಂಡಿತು. ವಿದ್ಯುತ್ತಿಗಾಗಿ ಬಿಡುವ ನೀರು ಕೆಳಗೆ ಹರಿಯುವುದರಿಂದ ಮಳೆಗಾಲ ಮುಗಿದ ಮೇಲೂ ಇಲ್ಲಿ ತೆಪ್ಪ ನಡೆಸಲು ಬರುತ್ತದೆ. ಆದುದರಿಂದಲೇ ನೀರಿನ ಮಟ್ಟವು ಹೊತ್ತುಹೊತ್ತಿಗೆ ಏರಿಳಿಯುತ್ತದೆ. ಬೆಳಿಗ್ಗೆ ಕಂಡ ಬಂಡೆ ಮಧ್ಯಾಹ್ನಕ್ಕೆ ಮುಳುಗಿರಬಹುದು. ದಡದಲ್ಲಿ ನಿಂತು ಹೊಳೆಯನ್ನು ಅಳೆದೆವೆನ್ನುವುದು ಸಲ್ಲದು.

ಪಾತ್ರವು ಕಿರಿದಾಗಿ, ಇಳಿಜಾರು ಹೆಚ್ಚಿ, ಬಂಡೆಗಳು ಅಡ್ಡಬಂದಲ್ಲಿ ನೀರು ಗಾಳಿಯೊಡನೆ ಕಲೆತು ಬೆಳ್ಳಗಾಗುತ್ತದೆ. ಇಂಥ ರಭಸವನ್ನು 1ರಿಂದ 6ರವರೆಗೆ ದರ್ಜೆಗಳಾಗಿ ಎಣಿಸುತ್ತಾರೆ. ಮೊದಲನೆಯದು ಸೌಮ್ಯ, ಆರನೆಯದು ಪ್ರಾಣಾಂತಿಕ. ತೆಪ್ಪದೊಳಗಿನ ಗಾಳಿಯನ್ನು ಹಲವು ಕೋಣೆಗಳಲ್ಲಿ ಬೇರೆಬೇರೆಯಾಗಿ ತುಂಬಿರುವುದರಿಂದ ಒಂದು ಹರಿದರೂ ಉಳಿದವು ತೇಲಿಸುತ್ತವೆ. ಹಿಂದೆ ಕುಳಿತ ಮಾರ್ಗದರ್ಶಕನ ಕೂಗಿಗೆ ಎಲ್ಲರೂ ಒಟ್ಟಾಗಿ ಹುಟ್ಟುಹಾಕಬೇಕು. ಒಬ್ಬನು ಮುಂದಕ್ಕೆ, ಇನ್ನೊಬ್ಬನು ಹಿಂದಕ್ಕೆ ಹಾಕಿದರೆ ತೆಪ್ಪ ಅಡ್ಡತಿರುಗಿ ಬಂಡೆಗೆ ಒರಗುತ್ತದೆ.

ನೀರಿಗೆ ಬಿದ್ದವನು ಮಾಡುವ ದೊಡ್ಡ ತಪ್ಪೆಂದರೆ ಎದ್ದು ನಿಲ್ಲಲು ಹವಣಿಸುವುದು. ಕಾಲು ಬಂಡೆಯ ಸಂದಿನಲ್ಲಿ ಸಿಕ್ಕಿದರೆ ಪ್ರವಾಹವು ಮೈಯನ್ನು ಒತ್ತಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ಮುಂದಕ್ಕೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತಿಟ್ಟು ತೇಲಬೇಕು. ಈಜು ಬಲ್ಲವನೂ ಲೈಫ್ ಜಾಕೆಟ್ಟನ್ನು, ಹೆಲ್ಮೆಟ್ಟನ್ನು ಬಿಗಿಯಾಗಿ ಧರಿಸಲೇಬೇಕು.

ಇನ್ನು ಇಷ್ಟಲಿಂಗದ ಮಾತು. ‘ಕೋಣೆಯಲ್ಲಿ ಇಟ್ಟು ಹೋಗುತ್ತೇವೆ’ ಎಂಬ ಯುವಕರ ಮಾತನ್ನು ನಾವು ಒಪ್ಪೆವು. ಲಿಂಗವು ಅಂಗವನ್ನು ಅಗಲಬಾರದು. ಹಾಗೆಂದು ಕೊರಳಲ್ಲಿ ಶಿವದಾರವನ್ನು ಸಡಿಲವಾಗಿ ತೂಗಬಿಡುವುದೂ ಅಪಾಯ. ಕೊಂಬೆಗೋ ಹಗ್ಗಕ್ಕೋ ಸಿಕ್ಕಿದರೆ ಉಸಿರಿಗೇ ಕುತ್ತು. ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಿ, ಮೇಲೆ ಅಂಗಿ, ಅದರ ಮೇಲೆ ಲೈಫ್ ಜಾಕೆಟ್ಟು ತೊಟ್ಟರೆ ನಿಷ್ಠೆಯೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ. ಪೂಜೆಯನ್ನು ಹೊಳೆಗಿಳಿಯುವ ಮುನ್ನವೇ ಪೂರೈಸಿಕೊಳ್ಳಬೇಕು.

ಹುಟ್ಟು ಹಿಡಿದ ಕಾಯಕವನ್ನು ಶರಣಪಥದಲ್ಲಿ ಬೆಳಗಿದವರು ನಿಜಶರಣ ಅಂಬಿಗರ ಚೌಡಯ್ಯನವರು. ತಮ್ಮ ಕಾಯಕದ ಹೆಸರುಳ್ಳ ಸ್ವನಾಮವನ್ನೇ ವಚನಗಳ ಅಂಕಿತವಾಗಿಸಿಕೊಂಡ ಧೀರರವರು. ತೆಪ್ಪದಲ್ಲಿ ಸಿರಿವಂತನಿಗೂ ಬಡವನಿಗೂ ಒಂದೇ ಹುಟ್ಟು, ಒಂದೇ ಆಸನ. ಅಲ್ಲಿ ದಾರಿ ಬಲ್ಲ ಅಂಬಿಗನ ಮಾತೇ ಮಾತು. ಅವನು ಕೂಲಿಗೆ ಬಂದವನೆಂದು ಹಗುರಾಗಿ ಕಂಡವನು ತನ್ನೊಡನೆ ಗೆಳೆಯರನ್ನೂ ಗಂಡಾಂತರಕ್ಕೆ ನೂಕುತ್ತಾನೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟು: ಮಕ್ಕಳನ್ನು ಹೆದರಿಸಿ ಮನೆಯಲ್ಲಿ ಕೂರಿಸಬೇಡಿರಿ, ಕಟ್ಟುಪಾಡು ಹೇಳಿ ಕಳುಹಿಸಿರಿ. ಅನುಮತಿ ಪಡೆದು ನಡೆಸುವವರೊಡನೆ ಮಾತ್ರ ಹೋಗಲಿ. ತೆಪ್ಪದಲ್ಲಿ ಮಿತಿಮೀರಿ ಜನರನ್ನು ಹತ್ತಿಸಿದರೆ ಇಳಿದುಬರಲಿ. ಹೃದ್ರೋಗವುಳ್ಳವರು, ಗರ್ಭಿಣಿಯರು ಏರಬಾರದು. ಮಳೆಗಾಲದ ನೆರೆಗೆ ಯಾರೂ ಇಳಿಯಬಾರದು. ಮದ್ಯ ಮುಟ್ಟಿದವನನ್ನು ಗೆಳೆಯರೇ ದಡದಲ್ಲಿ ನಿಲ್ಲಿಸಲಿ. ಆ ನಿಷ್ಠುರವೇ ನಿಜವಾದ ಸ್ನೇಹ. ಮರುದಿನ ಉಳವಿಗೆ ತೆರಳಿ ಚನ್ನಬಸವಣ್ಣನವರ ಗದ್ದುಗೆಯ ದರ್ಶನ ಪಡೆದು ಮರಳಲಿ. ಮೈಗೆ ಸಾಹಸ, ಮನಕ್ಕೆ ಭಕ್ತಿ ಎರಡೂ ದೊರೆತ ಪ್ರವಾಸವೇ ಸಾರ್ಥಕ.