ಆಕಾಶದ ಹತ್ತು ನಿಮಿಷ, ನೆಲದ ಒಂದು ತಾಸು

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಹೊತ್ತಿನಲ್ಲಿ ಹೇಳುತ್ತಿದ್ದರು. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ವೇಳೆಗೆ ಸೇರುವ ಊರೆಂದರೆ, ಆ ಮಾತಿನಲ್ಲಿ ದಾರಿಯ ಹಳ್ಳವೂ ಏರೂ ಎತ್ತುಗಳ ದಣಿವೂ ಅಡಕವಾಗಿರುತ್ತಿದ್ದವು. ವಿಮಾನದ ಕಾಲದಲ್ಲಿ ಈ ಲೆಕ್ಕವನ್ನು ನಾವು ಮರೆತಂತಿದೆ. ಬೆಳಗಾವಿಯಿಂದ ಬೆಂಗಳೂರಿಗೆ ಒಂದೇ ತಾಸು ಎನ್ನುತ್ತೇವೆ. ಆ ತಾಸು ಎಲ್ಲಿಂದ ಎಲ್ಲಿಗೆ?

ಸಾಂಬ್ರಾ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರಗೆರೆಯಲ್ಲಿ ಸುಮಾರು 445 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ವೇಗದ ಪಂಖದ ವಿಮಾನಕ್ಕೆ ಇದು 53 ನಿಮಿಷಗಳ ದಾರಿ. ವೇಳಾಪಟ್ಟಿಯಲ್ಲಿ ಮಾತ್ರ ಅದಕ್ಕಿಂತ ಹೆಚ್ಚಿನ ಹೊತ್ತು ಕಾಣುತ್ತದೆ. ನಿಂತ ತಾಣದಿಂದ ಓಡುದಾರಿಗೆ ಸಾಗುವುದು, ಮೇಲೇರುವುದು, ಸರದಿಗಾಗಿ ಸುತ್ತುವುದು, ಇಳಿಯುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಆದುದರಿಂದಲೇ ಇಷ್ಟು ಕಿರಿದಾದ ದೂರದಲ್ಲಿ ಜೆಟ್ ವಿಮಾನವು ಎಷ್ಟೇ ವೇಗವುಳ್ಳದ್ದಾದರೂ ಉಳಿಸುವ ಸಮಯ ಅಲ್ಪವೇ.

ಇನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಾತು. ಇವೆಲ್ಲವೂ ಬೆಳಗಾವಿ ಜಿಲ್ಲೆಯ ಊರುಗಳು. 1942ರಲ್ಲಿ ನಿರ್ಮಾಣವಾದ ಸಾಂಬ್ರಾವೇ ಇವುಗಳ ನಿಲ್ದಾಣವೆಂದು ಯಾರೂ ಭಾವಿಸುವರು. ಆದರೆ ನಕಾಶೆಯ ಮೇಲೆ ಗೆರೆ ಎಳೆದು ನೋಡಿದರೆ ಸೋಜಿಗವೆನಿಸುತ್ತದೆ. ಈ ಐದೂ ಊರುಗಳಿಗೆ ಹತ್ತಿರದ್ದು ಗಡಿಯಾಚೆಯ ಕೊಲ್ಹಾಪುರದ ನಿಲ್ದಾಣ! ಕಾಗವಾಡದಿಂದ ಸಾಂಬ್ರಾಕ್ಕೆ ನೇರವಾಗಿ 90 ಕಿಲೋಮೀಟರಿಗೂ ಮಿಕ್ಕಿದ್ದರೆ, ಕೊಲ್ಹಾಪುರ 50 ಕಿಲೋಮೀಟರಿನೊಳಗೆ ಇದೆ. ನಿಪ್ಪಾಣಿಯಿಂದಲೂ ಅದು ಸಾಂಬ್ರಾದ ಅರ್ಧ ದೂರ.

ಕೊಲ್ಹಾಪುರದಿಂದ ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 530 ಕಿಲೋಮೀಟರು. ಅಂದರೆ ಸಾಂಬ್ರಾಕ್ಕಿಂತ 85 ಹೆಚ್ಚು. ಈ ಹೆಚ್ಚಳಕ್ಕೆ ವಿಮಾನ ತೆಗೆದುಕೊಳ್ಳುವುದು ಹತ್ತೇ ನಿಮಿಷ. ಅದರ ಅರ್ಧದಷ್ಟು ದೂರವನ್ನು ಕಬ್ಬಿನ ಬಂಡಿಗಳ ಹಿಂದೆ ಕ್ರಮಿಸಲು ಮೋಟಾರಿಗೆ ಒಂದು ತಾಸು ಬೇಕು. ಮುಗಿಲಿನ ಕಿಲೋಮೀಟರು ಅಗ್ಗ, ನೆಲದ ಕಿಲೋಮೀಟರು ತುಟ್ಟಿ!

ಹಾಗೆಂದು ಎಲ್ಲರೂ ಗಡಿ ದಾಟಬೇಕೆಂದಲ್ಲ. ವಿಮಾನವಿರುವ ದಿನ, ಹೊರಡುವ ವೇಳೆಗಳು ಋತುವಿಗೊಮ್ಮೆ ಬದಲಾಗುತ್ತವೆ. ನದಿಗಳೂ ತಮ್ಮ ಮಾತು ಹೇಳುತ್ತವೆ: 2019ರ ಆಗಸ್ಟಿನ ನೆರೆಯಲ್ಲಿ ನಿಪ್ಪಾಣಿಯ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಸಂಚಾರ ನಿಂತಿತ್ತು. ಅಥಣಿಯವನು ಸಾಂಬ್ರಾಕ್ಕೆ ಮೂರು ತಾಸು, ನಿಲ್ದಾಣದಲ್ಲಿ ಒಂದೂವರೆ, ಹಾರಾಟಕ್ಕೆ ಒಂದೂಕಾಲು, ದೇವನಹಳ್ಳಿಯಿಂದ ನಗರಕ್ಕೆ ಒಂದೂವರೆ ಎಂದು ಕೂಡಿಸಿದರೆ ಏಳು ತಾಸು ದಾಟುತ್ತದೆ. ಅವಸರವಿಲ್ಲದವನಿಗೆ ಕುಡಚಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಮಲಗಿ ಹೋಗುವುದೇ ಸುಖ.

ಆದರೆ ರೋಗಿಯನ್ನು ದೊಡ್ಡಾಸ್ಪತ್ರೆಗೆ ಒಯ್ಯುವವರಿಗೆ, ಸಂದರ್ಶನಕ್ಕೆ ಹೊರಟ ತರುಣನಿಗೆ ಒಂದು ತಾಸೂ ದೊಡ್ಡದು. ಅಂಥವರು ಟಿಕೇಟಿನ ಮೇಲಿನ ವೇಳೆಯನ್ನಷ್ಟೇ ನಂಬದೆ, ಹಿರಿಯರಂತೆ ಮನೆಯ ಹೊಸ್ತಿಲಿನಿಂದ ಎಣಿಕೆ ಆರಂಭಿಸುವುದು ಲೇಸು.